ಕೈಯಲ್ಲಿರುವ ಫೋನಿನಿಂದ ಒಕ್ಕಲುತನದ ಪಾಠ

ಗಡಿಯಾಚೆಯಲ್ಲಿ ನೆಲೆಸಿದ ಕನ್ನಡ ರೈತರಿಗೆ ಒಂದು ತೊಡಕು ಬಹುಕಾಲದಿಂದ ಉಂಟು. ಬೇಸಾಯದ ತಿಳಿವಳಿಕೆ ಜತ್ತ, ಅಕ್ಕಲಕೋಟೆಗಳಲ್ಲಿ ಹೆಚ್ಚಾಗಿ ಮರಾಠಿಯಲ್ಲಿಯೂ, ತಾಳವಾಡಿ, ಹೊಸೂರುಗಳಲ್ಲಿ ತಮಿಳಿನಲ್ಲಿಯೂ, ರಾಯದುರ್ಗ, ಮಡಕಶಿರೆಗಳಲ್ಲಿ ತೆಲುಗಿನಲ್ಲಿಯೂ ದೊರೆಯುತ್ತದೆ. ಸಂತೆಯಲ್ಲಿ ವ್ಯವಹರಿಸುವಷ್ಟು ಆ ಭಾಷೆಗಳು ನಮಗೆ ಬರುತ್ತವೆ. ಆದರೆ ಔಷಧದ ಪ್ರಮಾಣ, ಬೆರೆಸುವ ಕ್ರಮ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳು, ಇವನ್ನು ಓದಿ ತಿಳಿಯುವುದು ಬೇರೆಯೇ ಮಾತು. ಒಂದು ಶಬ್ದ ತಪ್ಪಿ ತಿಳಿದರೆ ವರ್ಷದ ಬೆಳೆಯೇ ಕೈಬಿಟ್ಟೀತು. ಆದ್ದರಿಂದ ಫೋನಿನ ಮೂಲಕ ಕನ್ನಡದಲ್ಲಿಯೇ ದೊರೆಯುವ ಪಾಠಗಳ ಪ್ರಯೋಜನವನ್ನು ನಾವು ಎಲ್ಲರಿಗಿಂತ ಹೆಚ್ಚಾಗಿ ಪಡೆಯತಕ್ಕದ್ದು.

ದೂರದಿಂದ ಪಾಠ ಕಲಿಯುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. 1956ರಲ್ಲಿ ಪುಣೆಯ ಆಕಾಶವಾಣಿಯು ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ನಡೆಸಿತು. ರೈತರು ಒಂದೆಡೆ ಕುಳಿತು ಕೇಳಿ, ಕೇಳಿದ್ದನ್ನು ಚರ್ಚಿಸಿ, ಸಂಶಯಗಳನ್ನು ಬರೆದು ಕಳುಹಿಸುತ್ತಿದ್ದರು. ಹಾಗೆ ಕೂಟ ಸೇರಿದ ಊರುಗಳವರು ಉಳಿದವರಿಗಿಂತ ಬಹಳ ಹೆಚ್ಚು ಕಲಿತರೆಂದು ಆಗ ಪರೀಕ್ಷಿಸಿದವರು ಕಂಡುಕೊಂಡರು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದವು. ಕರ್ನಾಟಕವೂ ಆಂಧ್ರವೂ ಅವುಗಳಲ್ಲಿ ಸೇರಿದ್ದವು. ಫೋನು ಈ ಸಾಲಿನಲ್ಲಿ ಹೊಸತು. ಅದರ ವಿಶೇಷವೆಂದರೆ, ತಿಳಿಯದ ಕಡೆ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಹತ್ತು ಸಲ ನೋಡಬಹುದು. ಬೇಸರಪಡದ ಮೇಷ್ಟರಿದ್ದಂತೆ!

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಅನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಪ್ಲಾಸ್ಟಿಕ್ಕಿನದು ಇಲ್ಲವೆ ಮಣ್ಣಿನದು ಆಗಬಹುದು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಸಿಂಪಡಿಸಬೇಕು. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುಂಚೆ. ಎರಡನೆಯದು 40ರಿಂದ 45 ದಿನಗಳ ಮೇಲೆ.

ಇಷ್ಟನ್ನು ಪತ್ರಿಕೆ ಹೇಳಬಲ್ಲದು. ಆದರೆ ದ್ರಾವಣದ ನೀಲಿ ಬಣ್ಣ ಹೇಗಿರಬೇಕು, ಎಷ್ಟು ನಿಧಾನವಾಗಿ ಸುರಿಯಬೇಕು, ಚಾಕುವಿನ ಮೇಲಿನ ಕೆಂಪು ಎಂಥದು, ಇವನ್ನು ಕಣ್ಣಾರೆ ಕಂಡಾಗಲೇ ಮನಸ್ಸಿಗೆ ಹತ್ತುವುದು. ವಿಡಿಯೋ ಪಾಠದ ಲಾಭ ಇಲ್ಲಿದೆ. ಕೊಳೆರೋಗಕ್ಕೆ ರಾಜ್ಯದ ಗಡಿ ತಿಳಿಯದು. ಕಾಸರಗೋಡಿನ ತೋಟದವನಿಗೆ ವಿಟ್ಲದ ಕೇಂದ್ರದಲ್ಲಿ ಕನ್ನಡದಲ್ಲಿ ಹೇಳಿದ ಮಾತು ಅಷ್ಟೇ ಉಪಯುಕ್ತ.

ಕ್ರಮವಾಗಿ ಓದಬೇಕೆನ್ನುವ ಯುವಕ ಯುವತಿಯರಿಗೆ 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸ್ವಯಂ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಕೃಷಿಯೂ ಸೇರಿ ಅನೇಕ ವಿಷಯಗಳ ಪಾಠಗಳು ಅಲ್ಲಿ ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ ಕೊಡಬೇಕಾಗುತ್ತದೆ. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ಕಾಲೇಜು ಓದಿದ ಮಕ್ಕಳು ಕಲಿತು ಮನೆಯವರಿಗೆ ಕನ್ನಡದಲ್ಲಿ ವಿವರಿಸಬಹುದು. ಪ್ರಶ್ನೆ ಕೇಳಬೇಕಾದವರು 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ, 1800-180-1551 ಸಂಖ್ಯೆಗೆ, ಹಣ ತೆರದೆ ಕರೆ ಮಾಡಬಹುದು.

ಗಡಿಯವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಗಳು ಹೀಗಿವೆ:

(1) ಕೆಲಸದ ವಿಧಾನವನ್ನು ಕನ್ನಡದ ಪಾಠದಿಂದ ಕಲಿಯಿರಿ. ಸಹಾಯಧನ, ಬೆಳೆವಿಮೆ, ಅರ್ಜಿಯ ಕಡೆಯ ದಿನಗಳನ್ನು ನಿಮ್ಮ ರಾಜ್ಯದ ಕಚೇರಿಯಲ್ಲಿಯೇ ಕೇಳಿರಿ. ಕರ್ನಾಟಕದ ಯೋಜನೆ ನಂಬಿ ಸಾಲ ಮಾಡಿದರೆ ಜತ್ತದಲ್ಲಿ ಅದು ಸಿಕ್ಕದು.

(2) ತಳಿ ಮತ್ತು ಬಿತ್ತನೆಯ ಕಾಲ ನೆಲ, ಮಳೆಗಳಿಗೆ ತಕ್ಕಂತೆ ಬದಲಾಗುತ್ತವೆ. ಹೊಸತನ್ನು ಮೊದಲು ಒಂದೆರಡು ಗುಂಟೆಯಲ್ಲಿ ಮಾತ್ರ ಮಾಡಿ, ಪಕ್ಕದ ಹಳೆಯ ಪದ್ಧತಿಯೊಡನೆ ಹೋಲಿಸಿ ನೋಡಿರಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಸಲಹೆಯನ್ನೂ ಪಡೆಯಿರಿ.

(3) ಪಾಠ ಹೇಳುವವನು ಯಾರೆಂದು ನೋಡಿರಿ. ವಿಶ್ವವಿದ್ಯಾನಿಲಯವೋ, ಅನುಭವಸ್ಥ ರೈತನೋ, ಡಬ್ಬಿ ಮಾರುವವನೋ? ಕಡೆಗೆ ಒಂದೇ ಕಂಪನಿಯ ಹೆಸರು ಹೇಳುವ ಪಾಠ ಜಾಹೀರಾತೆಂದೇ ತಿಳಿಯಿರಿ.

(4) ವಿಷದ ಔಷಧಗಳಲ್ಲಿ ಡಬ್ಬಿಯ ಮೇಲಿನ ಚೀಟಿಯೇ ಪ್ರಮಾಣ. ಅದರ ಗುರುತಿನಲ್ಲಿ ಕೆಂಪು ಬಣ್ಣವಿದ್ದರೆ ಅತ್ಯಂತ ತೀಕ್ಷ್ಣ ವಿಷವೆಂದರ್ಥ. ಅನಂತರ ಹಳದಿ, ನೀಲಿ, ಹಸುರು.

ಫೋನು ಮನೆಯ ಗಂಡಸರ ಜೇಬಿನಲ್ಲಿಯೇ ಉಳಿದರೆ ಅರ್ಧ ಪ್ರಯೋಜನ ಹೋಯಿತು. ಬೀಜ ಕಾಯ್ದಿಡುವವರು, ಕಳೆ ತೆಗೆಯುವವರು, ದನಕರು ನೋಡುವವರು ಬಹುಪಾಲು ತಾಯಂದಿರು. ಅವರೂ ಕೂಡಿ ನೋಡಲಿ. ವಾರಕ್ಕೊಂದು ಸಂಜೆ ಹತ್ತು ಮಂದಿ ಗುಡಿಯ ಕಟ್ಟೆಯ ಮೇಲೋ ಶಾಲೆಯ ಜಗಲಿಯಲ್ಲೋ ಸೇರಿ, ಒಂದೇ ಪಾಠ ನೋಡಿ, ಚರ್ಚಿಸಿ, ಅಳತೆಗಳನ್ನು ಶಾಲೆಯ ಮಕ್ಕಳಿಂದ ಕನ್ನಡದಲ್ಲಿ ಬರೆಸಿಡಿ. ಒಬ್ಬರು ಮಾಡಿ ನೋಡಿ, ಮುಂದಿನ ಕೂಟದಲ್ಲಿ ಫಲವನ್ನು ತಿಳಿಸಲಿ. ಮಗುವಿಗೆ ಕನ್ನಡ ಓದಿ ಪ್ರಯೋಜನವೇನೆಂದು ಕೇಳುವವರಿಗೆ ಆ ನೋಟುಬುಕ್ಕೇ ಉತ್ತರ ಕೊಡುವುದು.