ನೀಲಿ ಕಿರಣದ ಎರಡು ತಟ್ಟೆಗಳು

ಒಂದೇ ಕೆಲಸಕ್ಕಾಗಿ ಎರಡು ಸಾಧನಗಳು ಹುಟ್ಟಿದರೆ ಮೇಲಾದುದು ಉಳಿಯುತ್ತದೆ, ಕೀಳಾದುದು ಅಳಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವ ಸ್ಥಿತಿಯು ಇಷ್ಟು ಸರಳವಾದುದಲ್ಲ. ಮನೆಯಲ್ಲಿ ಚಲಚ್ಚಿತ್ರಗಳನ್ನು ನೋಡಲು ಬಳಸುವ ತಟ್ಟೆಗಳ ವಿಷಯದಲ್ಲಿ, 2006ರಿಂದ 2008ರವರೆಗೆ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಪದ್ಧತಿಗಳ ನಡುವೆ ನಡೆದ ಸ್ಪರ್ಧೆಯು ಇದಕ್ಕೆ ಒಳ್ಳೆಯ ನಿದರ್ಶನ. ಎರಡು ತಟ್ಟೆಗಳ ವ್ಯಾಸವೂ 12 ಸೆಂಟಿಮೀಟರು. ಎರಡನ್ನು ಓದುವ ಬೆಳಕಿನ ಬಣ್ಣವೂ ಒಂದೇ. ಹೀಗಿದ್ದರೂ ಒಂದರ ಯಂತ್ರದಲ್ಲಿ ಇನ್ನೊಂದರ ತಟ್ಟೆ ಓಡುತ್ತಿರಲಿಲ್ಲ. ಈ ಭೇದದ ಮೂಲವು ಅರ್ಧ ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ಕು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಬೆಳಕಿನ ಲೇಖನಿ

ತಟ್ಟೆಯೊಳಗೆ ಅತಿ ಸೂಕ್ಷ್ಮವಾದ ಕುಳಿಗಳು ಸುರುಳಿಯಾಕಾರದ ಜಾಡಿನಲ್ಲಿ ಸಾಲಾಗಿರುತ್ತವೆ. ಲೇಸರ್ ಕಿರಣವನ್ನು ಮಸೂರದ ಮೂಲಕ ಜಾಡಿನ ಮೇಲೆ ಬೀಳಿಸಿದಾಗ, ಕುಳಿಯಿರುವಲ್ಲಿ ಕಡಮೆಯಾಗಿಯೂ ಇಲ್ಲದಲ್ಲಿ ಹೆಚ್ಚಾಗಿಯೂ ಬೆಳಕು ಹಿಂದಿರುಗುತ್ತದೆ. ಈ ಏರಿಳಿತವೇ ಕೊನೆಗೆ ಚಿತ್ರವಾಗಿಯೂ ಧ್ವನಿಯಾಗಿಯೂ ಮಾರ್ಪಡುತ್ತದೆ. ಮೊನೆ ಸಣ್ಣದಾದ ಲೇಖನಿಯಿಂದ ಒಂದೇ ಹಾಳೆಯಲ್ಲಿ ಹೆಚ್ಚು ಬರೆಯಬಹುದಲ್ಲವೆ? ಹಾಗೆಯೇ ಬೆಳಕಿನ ಚುಕ್ಕೆ ಸಣ್ಣದಾದಷ್ಟೂ ಕುಳಿಗಳನ್ನು ಒತ್ತೊತ್ತಾಗಿ ಇಡಬಹುದು.

ಆದರೆ ಬೆಳಕು ಅಲೆಯ ಸ್ವರೂಪದ್ದಾದುದರಿಂದ ಅದನ್ನು ಎಷ್ಟು ಬೇಕಾದರೂ ಸಣ್ಣ ಚುಕ್ಕೆಯಾಗಿ ಮಾಡಲು ಬರುವುದಿಲ್ಲ. ಚುಕ್ಕೆಯ ಅಗಲವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು ಬೆಳಕಿನ ತರಂಗದೂರ. ಎರಡನೆಯದು, ಮಸೂರವು ಎಷ್ಟು ಅಗಲವಾದ ಶಂಕುವಿನಲ್ಲಿ ಕಿರಣಗಳನ್ನು ಒಂದುಗೂಡಿಸುತ್ತದೆ ಎಂಬುದನ್ನು ತಿಳಿಸುವ ಸಂಖ್ಯೆ. ಇದಕ್ಕೆ ನ್ಯೂಮರಿಕಲ್ ಅಪರ್ಚರ್ ಎಂದು ಹೆಸರು. ನಾವು ಇಲ್ಲಿ ಅದನ್ನು ‘ಮಸೂರಾಂಕ’ ಎಂದು ಕರೆಯೋಣ. ತರಂಗದೂರವನ್ನು ಮಸೂರಾಂಕದಿಂದ ಭಾಗಿಸಿದರೆ ಬರುವ ಲಬ್ಧಕ್ಕೆ ಅನುಗುಣವಾಗಿ ಚುಕ್ಕೆಯ ಅಗಲವಿರುತ್ತದೆ.

ಡಿವಿಡಿಯ ಕೆಂಪು ಬೆಳಕಿನ ತರಂಗದೂರ 650 ನ್ಯಾನೋಮೀಟರು, ಮಸೂರಾಂಕ 0.60. (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೋಮೀಟರು.) ಹೊಸ ತಟ್ಟೆಗಳೆರಡೂ 405 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕನ್ನು ಆಯ್ದುಕೊಂಡವು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಾಕಾಮುರಾ ಅವರು 1990ರ ದಶಕದಲ್ಲಿ ಗ್ಯಾಲಿಯಂ ನೈಟ್ರೈಡಿನಿಂದ ಇಂತಹ ಲೇಸರನ್ನು ಸಿದ್ಧಪಡಿಸಿದುದರಿಂದ ಇದು ಸಾಧ್ಯವಾಯಿತು. ಎಚ್‌ಡಿ ಡಿವಿಡಿಯ ಮಸೂರಾಂಕ 0.65, ಬ್ಲೂ-ರೇಯದು 0.85.

ಈಗ ಲೆಕ್ಕಮಾಡೋಣ. ಲಬ್ಧವು ಡಿವಿಡಿಗೆ 1083, ಎಚ್‌ಡಿ ಡಿವಿಡಿಗೆ 623, ಬ್ಲೂ-ರೇಗೆ 476. ಚುಕ್ಕೆಯ ವಿಸ್ತೀರ್ಣವು ಅಗಲದ ವರ್ಗಕ್ಕೆ ಅನುಗುಣವಾದುದರಿಂದ, ಡಿವಿಡಿಯ ಚುಕ್ಕೆ ಇರುವ ಸ್ಥಳದಲ್ಲಿ ಎಚ್‌ಡಿ ಡಿವಿಡಿಯ 3 ಚುಕ್ಕೆಗಳೂ, ಬ್ಲೂ-ರೇಯ 5ಕ್ಕೂ ತುಸು ಹೆಚ್ಚು ಚುಕ್ಕೆಗಳೂ ಹಿಡಿಸುತ್ತವೆ. ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಮಾಹಿತಿ ಹಿಡಿಯುತ್ತದೆ. ಹಾಗಾದರೆ ಹೊಸ ತಟ್ಟೆಗಳಲ್ಲಿ ಸುಮಾರು 14 ಮತ್ತು 24 ಹಿಡಿಯಬೇಕು. ನಿಜವಾದ ಪ್ರಮಾಣಗಳು 15 ಮತ್ತು 25. ಕಾಗದದ ಮೇಲಿನ ಲೆಕ್ಕವು ಎಷ್ಟು ಸಮೀಪಕ್ಕೆ ಬಂದಿತೆಂಬುದನ್ನು ಗಮನಿಸಿರಿ.

ಅರ್ಧ ಮಿಲಿಮೀಟರಿನ ಭೇದ

ಹಾಗಾದರೆ ಎಲ್ಲರೂ 0.85ರ ಮಸೂರವನ್ನೇ ಏಕೆ ಆರಿಸಲಿಲ್ಲ? ತಿರುಗುವ ತಟ್ಟೆಯು ಎಂದಿಗೂ ಪೂರ್ಣ ಸಮತಲವಾಗಿರುವುದಿಲ್ಲ, ಒಂದಿಷ್ಟು ಓರೆಯಾಗುತ್ತದೆ. ಆಗ ಕುಳಿಗಳನ್ನು ಮುಚ್ಚಿರುವ ಪ್ಲಾಸ್ಟಿಕ್ಕಿನಲ್ಲಿ ಹಾದುಬರುವ ಕಿರಣಗಳು ಸರಿಯಾಗಿ ಒಂದೆಡೆ ಸೇರದೆ, ಚುಕ್ಕೆಗೆ ಧೂಮಕೇತುವಿನಂತೆ ಬಾಲ ಮೂಡುತ್ತದೆ. ಈ ದೋಷವು ಪ್ಲಾಸ್ಟಿಕ್ಕಿನ ದಪ್ಪಕ್ಕೂ ಮಸೂರಾಂಕದ ಘನಕ್ಕೂ ಅನುಗುಣವಾಗಿ ಬೆಳೆಯುತ್ತದೆ. ಡಿವಿಡಿಯಲ್ಲಿ ಈ ದಪ್ಪ 0.6 ಮಿಲಿಮೀಟರು. ಅದನ್ನು ಹಾಗೆಯೇ ಇಟ್ಟು ಮಸೂರಾಂಕವನ್ನು 0.85ಕ್ಕೆ ಏರಿಸಿದರೆ ದೋಷವು 2.8 ಪಟ್ಟು ಹೆಚ್ಚುತ್ತದೆ. ಬ್ಲೂ-ರೇಯನ್ನು ರಚಿಸಿದವರು ಆ ದಪ್ಪವನ್ನು 0.1 ಮಿಲಿಮೀಟರಿಗೆ ಇಳಿಸಿದರು. ದೋಷವು ಡಿವಿಡಿಯಲ್ಲಿದ್ದುದರ ಅರ್ಧಕ್ಕಿಂತಲೂ ಕಡಮೆಯಾಯಿತು.

ಈ ಲಾಭವು ಬೆಲೆಯಿಲ್ಲದೆ ದೊರೆಯಲಿಲ್ಲ. ಮಾಹಿತಿಯು ಮೇಲ್ಮೈಗೆ ಅಷ್ಟು ಹತ್ತಿರವಿದ್ದರೆ ಸಣ್ಣ ಗೀರೂ ಧೂಳೂ ತೊಂದರೆ ಕೊಡುತ್ತವೆ. 2003ರಲ್ಲಿ ಜಪಾನಿನ ಪೇಟೆಗೆ ಬಂದ ಮೊದಲ ತಟ್ಟೆಗಳನ್ನು ಈ ಕಾರಣದಿಂದಲೇ ಪೆಟ್ಟಿಗೆಯೊಳಗೆ ಇಡಬೇಕಾಗಿದ್ದಿತು. ಗಡುಸಾದ ಲೇಪನವು ಸಿದ್ಧವಾದ ಮೇಲೆ ಪೆಟ್ಟಿಗೆಯ ಅವಶ್ಯಕತೆ ತಪ್ಪಿತು. ಕಾರ್ಖಾನೆಗಳಿಗೂ ಹೊಸ ಯಂತ್ರಸಾಮಗ್ರಿ ಬೇಕಾಯಿತು. ತೋಷಿಬಾ ಕಂಪನಿಯ ಮುಂದಾಳುತನದಲ್ಲಿ ರೂಪುಗೊಂಡ ಎಚ್‌ಡಿ ಡಿವಿಡಿಯಾದರೋ 0.6 ಮಿಲಿಮೀಟರನ್ನೇ ಉಳಿಸಿಕೊಂಡಿತು. ಆದುದರಿಂದ ಡಿವಿಡಿ ತಯಾರಿಸುತ್ತಿದ್ದ ಯಂತ್ರಗಳನ್ನೇ ಅಲ್ಪಸ್ವಲ್ಪ ಮಾರ್ಪಡಿಸಿ ಬಳಸಬಹುದಾಗಿದ್ದಿತು. ಒಬ್ಬರು ಧಾರಣಶಕ್ತಿಗೆ ಪ್ರಾಶಸ್ತ್ಯವನ್ನಿತ್ತರು, ಇನ್ನೊಬ್ಬರು ತಯಾರಿಕೆಯ ಸೌಲಭ್ಯಕ್ಕೆ. ಯಾರ ಭೌತವಿಜ್ಞಾನವೂ ತಪ್ಪಾಗಿರಲಿಲ್ಲ.

ಸ್ಪರ್ಧೆಯ ಫಲ

ಡಿವಿಡಿಯ ಕಾಲದಲ್ಲಿಯೂ ಇಂತಹ ವಿವಾದವೊಂದು ತಲೆಯೆತ್ತಿದ್ದಿತು. ಆದರೆ ಕಂಪ್ಯೂಟರು ತಯಾರಕರ ಒತ್ತಾಯದಿಂದ 1995ರಲ್ಲಿ ಎರಡು ಪಕ್ಷಗಳೂ ರಾಜಿಯಾಗಿ ಒಂದೇ ತಟ್ಟೆಯನ್ನು ಒಪ್ಪಿಕೊಂಡವು. 2005ರಲ್ಲಿ ನಡೆದ ಮಾತುಕತೆ ಫಲಿಸಲಿಲ್ಲ. ಒಂದು ದಪ್ಪಕ್ಕೆಂದು ರಚಿಸಿದ ಮಸೂರವು ಮತ್ತೊಂದು ದಪ್ಪದಲ್ಲಿ ಚುಕ್ಕೆಯನ್ನು ಮಸುಕುಗೊಳಿಸುತ್ತದೆ. ನಡುವಿನ 0.3 ಮಿಲಿಮೀಟರನ್ನು ಆರಿಸಿದ್ದರೆ ಎರಡು ಕಡೆಯ ಲಾಭವೂ ಕೈತಪ್ಪುತ್ತಿದ್ದಿತು.

2006ರಲ್ಲಿ ಎರಡೂ ಪೇಟೆಗೆ ಬಂದವು. ಎರಡೂ 1920×1080 ಬಿಂದುಗಳ ಚಿತ್ರವನ್ನೇ ಕೊಡುತ್ತಿದ್ದವು. ಎರಡು ಪದರಗಳಿಂದ ದೊರೆಯುವ 30 ಗಿಗಾಬೈಟ್ ಒಂದು ಚಲಚ್ಚಿತ್ರಕ್ಕೆ ಸಾಲುತ್ತಿದ್ದಿತು. ಆದುದರಿಂದ ನೋಡುವವರ ಕಣ್ಣು ತೀರ್ಪು ಕೊಡುವಂತಿರಲಿಲ್ಲ. ತೀರ್ಪು ಬೇರೆ ಕಡೆಯಿಂದ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಸೋನಿ ಕಂಪನಿಯು ಹೊರತಂದ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವು ಬ್ಲೂ-ರೇಯನ್ನೂ ಓಡಿಸುತ್ತಿದ್ದಿತು. 2008ರ ಜನವರಿ 4ರಂದು, ಅದುವರೆಗೆ ಎರಡು ಬಗೆಯಲ್ಲಿಯೂ ಚಿತ್ರಗಳನ್ನು ಕೊಡುತ್ತಿದ್ದ ವಾರ್ನರ್ ಸಂಸ್ಥೆಯು ಬ್ಲೂ-ರೇಯನ್ನು ಮಾತ್ರ ಬೆಂಬಲಿಸುವುದಾಗಿ ಪ್ರಕಟಿಸಿತು. ಫೆಬ್ರವರಿ 19ರಂದು ತೋಷಿಬಾ ಸ್ಪರ್ಧೆಯಿಂದ ಹಿಂದೆ ಸರಿಯಿತು. ಹಣ ಕೊಟ್ಟು ಎಚ್‌ಡಿ ಡಿವಿಡಿ ಯಂತ್ರವನ್ನು ಕೊಂಡವರ ಕೈಯಲ್ಲಿ, ಕೆಡದಿದ್ದರೂ ಹೊಸ ಚಿತ್ರಗಳು ದೊರೆಯದ ಯಂತ್ರ ಉಳಿಯಿತು.

ಏನು ಸಾಧ್ಯ, ಏನು ಅಸಾಧ್ಯ ಎಂಬ ಎಲ್ಲೆಯನ್ನು ಪ್ರಕೃತಿನಿಯಮಗಳು ಹಾಕುತ್ತವೆ. ಆ ಎಲ್ಲೆಯೊಳಗೆ ಯಾವುದು ಬಳಕೆಗೆ ಬರಬೇಕೆಂಬುದನ್ನು ಮನುಷ್ಯರ ಒಪ್ಪಂದಗಳು ನಿರ್ಧರಿಸುತ್ತವೆ. ಒಪ್ಪಂದ ತಡವಾದರೆ ಅದರ ನಷ್ಟವನ್ನು ಹೊರುವವರು ಕೊಂಡವರೇ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಸಿಡಿಯ ತರಂಗದೂರ 780 ನ್ಯಾನೋಮೀಟರು, ಮಸೂರಾಂಕ 0.45. ಚುಕ್ಕೆಯ ಲೆಕ್ಕದಂತೆ ಡಿವಿಡಿಯು ಸಿಡಿಯ ಎಷ್ಟು ಪಟ್ಟು ಮಾಹಿತಿಯನ್ನು ಹಿಡಿಯಬೇಕು? ನಿಜವಾಗಿ ಅದು ಸುಮಾರು 7 ಪಟ್ಟು ಹಿಡಿಯುತ್ತದೆ. ಉಳಿದ ಹೆಚ್ಚಳವು ಎಲ್ಲಿಂದ ಬಂದಿರಬಹುದೆಂಬುದನ್ನು ಆಲೋಚಿಸಿರಿ.