ಎಸ್ಪ್ರೆಸೊಗೆ ಮನೆಯಲ್ಲೇ ಹುರಿದ ಕಾಫಿ ಬೀಜ

ವರ್ಷವಿಡೀ ದುಡಿದು ಬೆಳೆದ ಕಾಫಿ ಬಾಣಲೆಯಲ್ಲಿ ಎರಡೇ ನಿಮಿಷದ ಅಜಾಗರೂಕತೆಯಿಂದ ಕೆಡುವುದುಂಟು. ಮೊದಲು ಕಪ್ಪು ಬೀಜ, ಒಡಕು ಬೀಜಗಳನ್ನು ಆರಿಸಿ ತೆಗೆಯಬೇಕು. ಅರೇಬಿಕಾ, ರೊಬಸ್ಟಾಗಳನ್ನು ಬೇರೆ ಬೇರೆಯಾಗಿಯೇ ಹುರಿಯುವುದು ಒಳ್ಳೆಯದು. ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಕೈಬಿಡದೆ ಕೆದಕುತ್ತಿರಬೇಕು. ಹಸಿರು ಬೀಜ ಹಳದಿಯಾಗಿ, ಕಂದಾಗಿ, ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಚಟಪಟನೆ ಸಿಡಿಯುತ್ತದೆ. ಆ ಸದ್ದು ನಿಂತ ಮೇಲೂ ತುಸು ಹುರಿದರೆ, ಯಂತ್ರದ ಒತ್ತಡದಲ್ಲಿ ಇಳಿಸುವ ಎಸ್ಪ್ರೆಸೊ ಕಾಫಿಗೆ ತಕ್ಕ ಹದ. ಎರಡನೆಯ ಸಲ ಮೆಲ್ಲಗೆ ಸಿಡಿಯತೊಡಗಿದೊಡನೆ ಇಳಿಸಲೇಬೇಕು.

ಇಳಿಸಿದರಷ್ಟೇ ಸಾಲದು, ಬೀಜ ತನ್ನ ಕಾವಿನಲ್ಲೇ ಮತ್ತಷ್ಟು ಹುರಿಯುತ್ತದೆ. ಕೂಡಲೇ ಮೊರಕ್ಕೆ ಸುರಿದು ಕೇರಿದರೆ ಹೊಟ್ಟೂ ಹಾರುತ್ತದೆ, ಬೀಜವೂ ಆರುತ್ತದೆ. ಕಿಲೋ ಬೀಜ 800-850 ಗ್ರಾಂಗೆ ಇಳಿದರೆ ಗಾಬರಿ ಬೇಡ, ಹೋದದ್ದು ಬಹುಪಾಲು ನೀರು. ನಾಲ್ಕೈದು ದಿನ ಡಬ್ಬಿಯಲ್ಲಿಟ್ಟು, ಬೇಕಾದಾಗ ಬೇಕಾದಷ್ಟೇ ಪುಡಿಮಾಡಬೇಕು.