ಕುಬಿಹಾಳದಾಗ ಕ್ಯಾಮೆರಾ: ಎಂಟು ಸೂತ್ರ

ಕುಂದಗೋಳ ತಾಲ್ಲೂಕಿನ ಕುಬಿಹಾಳದ ಫೋಟೋ ತೆಗೆಯುವವರು ಗುಡ್ಡ, ಜಲಪಾತ ಹುಡುಕಿ ಪ್ರಯೋಜನವಿಲ್ಲ. ಎರಿಹೊಲ, ಆಕಾಶ, ಗೋಡೆ, ಇವೇ ಬಂಡವಾಳ. ಯಾವ ಹೊಲ ಯಾವಾಗ ಬಣ್ಣಕ್ಕೆ ಬರುತ್ತದೆಂದು ಬಲ್ಲ ಊರವರಿಗೇ ಇಲ್ಲಿ ಅನುಕೂಲ ಜಾಸ್ತಿ.

1. ಪಂಚಾಂಗ ನೋಡಿ ಹೊರಡಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು, ಎಳ್ಳಮಾಸಿಗೆ ಹೊಲದಲ್ಲಿ ಚರಗ. ಬಿರುಕು ಬಿಟ್ಟ ಮೇ ತಿಂಗಳ ಹೊಲವನ್ನೂ ಬಿಡಬೇಡಿ.

2. ಎರಿಮಣ್ಣನ್ನು ಕಪ್ಪಾಗಿಯೇ ಇರಗೊಡಿ. ಚೌಕಟ್ಟಿನ ತುಂಬ ಕರಿನೆಲ ಬಂದರೆ ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕು ಏರಿಸುತ್ತದೆ; ಮಣ್ಣು ಬೂದಿಯಂತಾಗುತ್ತದೆ, ಅರಳಿದ ಹತ್ತಿ ಬರೀ ಬಿಳಿ ಚುಕ್ಕೆಯಾಗುತ್ತದೆ. ಮೊಬೈಲ್ ಪರದೆಯಲ್ಲಿ ಹತ್ತಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಮಳೆ ನಿಂತ ಮೇಲೆ, ಮಣ್ಣು ಹಸಿ ಇದ್ದಾಗ ತೆಗೆದರೆ ಇನ್ನೂ ಚೆಂದ. ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟೀತು, ಅಂಟಲಿ.

3. ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ ನಡುಮಧ್ಯಾಹ್ನ ಬೇಡ. ಕೆಂಪು ಉಕ್ಕಿ ಕಾಯಿಯ ಸುಕ್ಕು ಅಳಿಸಿಹೋಗುತ್ತದೆ. ಆ ಸುಕ್ಕೇ ಬ್ಯಾಡಗಿಯ ಗುರುತು! ಇಳಿಹೊತ್ತಿನ ಓರೆ ಬಿಸಿಲಿಗೆ ಕಾಯಿರಿ.

4. ಬಯಲು ಸೀಮೆ, ಮೋಡವಿದ್ದರೆ ಆಕಾಶಕ್ಕೆ ಮುಕ್ಕಾಲು ಪಾಲು ಕೊಡಿ. ಇಲ್ಲದಿದ್ದರೆ ಕುಳಿತು, ಜೋಳದ ತೆನೆಯ ಕೆಳಗಿನಿಂದ ನೋಡಿ.

5. ಕೈಬರಹದ ಬೋರ್ಡು ಮೊದಲು. ಫ್ಲೆಕ್ಸ್ ಬಂದ ಮೇಲೆ ಪೇಂಟರ್‌ಗಳ ಕೆಲಸ ತೀರಾ ಕಡಿಮೆಯಾಗಿದೆ. ಕಿರಾಣಿ ಅಂಗಡಿಯ ಹಲಗೆ, ಟ್ರ್ಯಾಕ್ಟರ್ ಟ್ರೇಲರ್‌ನ ಹಿಂಬದಿಯ ಹೂಬಳ್ಳಿ, ಶಾಲೆ ಗೋಡೆಯ ಚಿತ್ರ, ಎಲ್ಲವನ್ನೂ ನೇರ ಎದುರು ನಿಂತು ತೆಗೆಯಿರಿ. ಓರೆಯಾದರೆ ಅಕ್ಷರ ಸೊಟ್ಟಗಾಗುತ್ತದೆ. ಮೂಲೆಯಲ್ಲಿ ಪೇಂಟರ್ ಸಣ್ಣಗೆ ಬರೆದ ಹೆಸರಿದ್ದರೆ ಅದಕ್ಕೇ ಇನ್ನೊಂದು ಫೋಟೋ. ನನ್ನ ಕೇಳಿದರೆ ಸೂರ್ಯಾಸ್ತಕ್ಕಿಂತ ಇದು ಅರ್ಜೆಂಟು. ಸೂರ್ಯ ನಾಳೆಯೂ ಮುಳುಗುತ್ತಾನೆ.

6. ಕುಂದಗೋಳಕ್ಕೆ ಹೋದಾಗ ಕಲ್ಯಾಣ ಚಾಲುಕ್ಯರ ಕಾಲದ ಶಂಭುಲಿಂಗ ಗುಡಿ ನೋಡಿ. ಕೆತ್ತನೆಗೆ ಪಕ್ಕದಿಂದ ಬೀಳುವ ಬೆಳಕು ಬೇಕು, ಫ್ಲ್ಯಾಶ್ ಬೇಡ. ಸವಾಯಿ ಗಂಧರ್ವರ (1886–1952) ನೆನಪಿನಲ್ಲಿ ಸಂಗೀತೋತ್ಸವ ನಡೆಯುವ ನಾಡಗೀರ ವಾಡೆಯೂ ಆ ಊರಲ್ಲೇ ಇದೆ. ಕಛೇರಿ ನಡೆದಾಗ ಮೊಬೈಲ್ ಸದ್ದು ಬಂದ್ ಮಾಡಿ.

7. ಮನುಷ್ಯರಿದ್ದರೆ ಕೇಳಿ ತೆಗೆಯಿರಿ. “ಅವ್ವಾರ, ಒಂದು ಫೋಟೋ ತಗೀಲೇನ್ರಿ?” ಅಂದರೆ ಸಾಕು. ಬ್ಯಾಡ ಅಂದರೆ ಬ್ಯಾಡ. ಹೂಂ ಅಂದವರು ಸೆರಗು ಸರಿಮಾಡಿಕೊಂಡು ಕಂಬದಂತೆ ನಿಲ್ಲುತ್ತಾರೆ. ಅದೊಂದು ತೆಗೆದು ತೋರಿಸಿ, ಅವರು ಮತ್ತೆ ಕಾಯಿ ಆರಿಸತೊಡಗಿದ ಮೇಲೆ ನಿಮ್ಮ ನಿಜವಾದ ಫೋಟೋ ತೆಗೆಯಿರಿ. ಪ್ರಿಂಟ್ ಹಾಕಿಸಿ ಕೊಡುತ್ತೇನೆಂದು ಹೇಳಿದ್ದರೆ ಕೊಟ್ಟೇಬಿಡಿ.

8. ಅಂದೇ ರಾತ್ರಿ ಜಾಗ, ತಾರೀಖು, ಬೆಳೆಯ ಹೆಸರು ಬರೆದಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗುತ್ತದೆ, ದೊಡ್ಡ ಪ್ರಿಂಟಿಗೆ ಬರುವುದಿಲ್ಲ. ಮೂಲ ಫೈಲನ್ನು ಮೊಬೈಲಲ್ಲದೆ ಇನ್ನೊಂದು ಕಡೆಯೂ ಇಡಿ.